ಟೊಪ್ಪಿಗೆ ತೆಗೆಸಿದ ಪಂಪಾಪತಿ ಸರ್

ಪಂಪಾಪತಿ ಸರ್ ಯಾರನ್ನೂ ಸುಲಭವಾಗಿ ಕ್ಷಮಿಸಿದವರಲ್ಲ. ಮೀಸೆಯನ್ನು ಒಂದು ಕಡೆ ಗಿಡ್ಡ ಮಾಡಿದ ಕ್ಷೌರಿಕ, ಹಳೆ ಎಣ್ಣೆಯಲ್ಲಿ ಮಿರ್ಚಿ ಕರಿದು ಹೊಸದೆಂದು ಸಾಧಿಸಿದ ಅಂಗಡಿಯವ, ಇಬ್ಬರ ಎದುರಿಗೂ ದಿನಾ ಹಾದುಹೋಗುತ್ತಿದ್ದರು, ಮುಖ ಮಾತ್ರ ಆಚೆ ಕಡೆ. "ಸಿಟ್ಟು ಇಳೀತಂದ್ರ ಮನುಷ್ಯಾ ಸೋಮಾರಿ ಆಗ್ತಾನ, ತಂಗೀ" ಎನ್ನುತ್ತಿದ್ದರು. ಹೊಸಪೇಟೆಯ ನಮ್ಮ ಓಣಿಯಲ್ಲಿ ಈ ಮಾತು ಹಿಡಿಸಿದ್ದು ನನಗೊಬ್ಬಳಿಗೇ ಇರಬೇಕು. ನಾನೂ ಅದೇ ಪೈಕಿ.

ಅವರು ಮನಶ್ಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದವರು. ಮಕ್ಕಳ ನಡವಳಿಕೆಯ ಅಧ್ಯಯನ ಅವರ ವಿಷಯ. ಇಂಥ ಉಪಾಯದಿಂದ ಮಗು ಸುಧಾರಿಸಿತು ಎಂದು ಯಾರಾದರೂ ಹೇಳಿದರೆ ಸಾಕು, "ತಗದು ನೋಡಿದ್ರೇನು?" ಎಂದು ಕೇಳುತ್ತಿದ್ದರು. ಮೊದಲು ಉಪಾಯವಿಲ್ಲದೆ ನೋಡಬೇಕು, ಆಮೇಲೆ ಕೊಟ್ಟು ನೋಡಬೇಕು, ಮತ್ತೆ ತೆಗೆದು ನೋಡಬೇಕು. ತೆಗೆದಾಗ ಹಳೆಯ ಪಾಡು ಮರಳಿದರೆ ಮಾತ್ರ ಉಪಾಯಕ್ಕೆ ಮರ್ಯಾದೆ. ಮನೆಯಲ್ಲೂ ಇದೇ. ಹೆಂಡತಿ ಶರಣಮ್ಮನವರು ಮಂಡಿನೋವಿಗೆ ಮಾಡಿಕೊಡುತ್ತಿದ್ದ ಕಷಾಯವನ್ನು ಕುಡಿದು, ಬಿಟ್ಟು, ಮತ್ತೆ ಕುಡಿದು, "ಏನೂ ಫರಕಿಲ್ಲ" ಎಂದು ತೀರ್ಪು ಕೊಟ್ಟರು. ಆಕೆ ಮರುದಿನದಿಂದ ಚಹಾ ನಿಲ್ಲಿಸಿದರು. ಸಂಜೆಯೊಳಗೆ ಸರ್ ಅಡುಗೆಮನೆ ಬಾಗಿಲಿಗೆ ಬಂದು, "ಇದರಾಗ ಭಾಳ ಫರಕ್ ಐತಿ" ಎಂದು ಒಪ್ಪಿಕೊಂಡರಂತೆ.

ನನ್ನ ಮಗ ಮಂಜುಗೆ ಮಾತು ಬಂದಿರಲಿಲ್ಲ. ಗಾಬರಿಯಾದರೆ ಮುಷ್ಟಿಯಿಂದ ಹಣೆಗೆ ಹೊಡೆದುಕೊಳ್ಳುತ್ತಿದ್ದ. ಸಂಡೂರಿನ ದಾರಿಯಲ್ಲಿ ಇಂಥ ಮಕ್ಕಳಿಗೆಂದೇ ಒಂದು ಕೇಂದ್ರವಿತ್ತು, ಅಲ್ಲಿಗೆ ಬಿಡುತ್ತಿದ್ದೆವು. ಅದರ ನಿರ್ದೇಶಕನ ಹೆಸರು ನಾನು ಬರೆಯುವುದಿಲ್ಲ, ಬರೆದರೆ ಬಾಯಿ ಕಹಿಯಾಗುತ್ತದೆ. ಅವನು ತೂಕದ ಮಣಿ ಹೊಲಿಸಿದ ದಪ್ಪ ಬಟ್ಟೆಯ ಟೊಪ್ಪಿಗೆಯೊಂದನ್ನು ಮಾಡಿಸಿದ್ದ. ಅದನ್ನು ಹಾಕಿದರೆ ಮಕ್ಕಳು ಹೊಡೆದುಕೊಳ್ಳುವುದಿಲ್ಲ ಎಂದು ಗ್ರಾಫ್ ತೋರಿಸುತ್ತಿದ್ದ. ಟೊಪ್ಪಿಗೆ ಇಲ್ಲದಾಗ ಗೆರೆ ಮೇಲೆ, ಇದ್ದಾಗ ನೆಲಕ್ಕೆ.

ಪೋಷಕರ ಸಭೆಯಲ್ಲಿ ನಾನು ಎದ್ದು, ಮನೆಯಲ್ಲಿ ಟೊಪ್ಪಿಗೆ ಇಲ್ಲದೆಯೂ ಮಂಜು ಸುಮ್ಮನೇ ಇರುತ್ತಾನೆ ಎಂದೆ. ಅವನು ನಕ್ಕ. "ಕೆಲವು ತಾಯಂದಿರಿಗೆ ಇದ್ದದ್ದನ್ನ ಒಪ್ಪಿಕೊಳ್ಳೋ ಧೈರ್ಯ ಇರೋದಿಲ್ಲ. ಸುಳ್ಳು ಹೇಳ್ತಾರ. ಇಂಥ ಮಗು ನಮ್ಮ ಹಾಸ್ಟೆಲ್‌ನಲ್ಲೇ ಇರೋದು ಚಲೋ" ಎಂದ. ಎಲ್ಲರೂ ನನ್ನತ್ತ ತಿರುಗಿ ನೋಡಿದರು. ಪಕ್ಕದಲ್ಲಿ ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ವಾರದೊಳಗೆ ಅತ್ತೆ ಮಂಜುವಿನ ಬಟ್ಟೆಗಳನ್ನು ಟ್ರಂಕಿಗೆ ತುಂಬತೊಡಗಿದರು. ನನಗೆ ಆ ನಿರ್ದೇಶಕನನ್ನು ಹರಿದು ಹಾಕಬೇಕು ಅನಿಸಿತು. ಈಗಲೂ ಅನಿಸುತ್ತದೆ.

ಸರ್ ಹತ್ತಿರ ಓಡಿದೆ. ನಿರ್ದೇಶಕನ ಹೆಸರು ಕೇಳಿದ್ದೇ ತಡ, ಅವರ ಕಣ್ಣು ಹೊಳೆಯಿತು. "ಬಾ, ಕುಂದ್ರು. ನನ್ನ ಶಿಷ್ಯನ ಅವ. ತನಗ ಒಗ್ಗದ ದಿನಗಳನ್ನ ಅಳಿಸಿ ಗ್ರಾಫ್ ಬರದಿದ್ದ. ಹಿಡದೆ. ನನ್ನ ಮ್ಯಾಲೇ ದೂರು ಕೊಟ್ಟ. ಇಷ್ಟು ವರ್ಷದಿಂದ ಅವನಿಗೆ ಕಾಯ್ಕೊಂಡು ಕುಂತೀನಿ."

ಮರುದಿನ ಬೆಳಿಗ್ಗೆಯೇ ಇಬ್ಬರೂ ಹೋಗಿ ಕೇಂದ್ರದ ಎದುರಿನ ಬೇವಿನ ಮರದಡಿ ಕೂತೆವು. ಪೋಷಕರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋದರೆ ಮತ್ತೆ ಬರುವುದು ಕರೆದೊಯ್ಯಲು, ಸಂಜೆಗೆ. ಬೆಳಗಿನ ಹೊತ್ತು ಅಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಊಟದ ಹೊತ್ತಿಗೆ ಮುಂಚೆ ಗುಡ್ಡದ ಕಡೆಯಿಂದ ಗಣಿಯ ಸೈರನ್ ಕೂಗಿತು. ಬಳಿಕ ಬ್ಲಾಸ್ಟಿಂಗ್, ಬಂಡೆ ಸಿಡಿಸುವ ಸದ್ದು. ಕಿಟಕಿಯ ಗಾಜು ಗದಗುಟ್ಟಿತು, ಒಳಗೆ ಮಕ್ಕಳು ಚೀರಿದರು. ಓಡಿಹೋಗಿ ಬಾಗಿಲಿನಿಂದ ನೋಡಿ ಬಂದೆ. ಮಂಜು ಹಣೆಗೆ ಹೊಡೆದುಕೊಳ್ಳುತ್ತಿದ್ದ.

"ಟೊಪ್ಪಿಗಿ ಯಾವಾಗ ಹಾಕ್ತಾರ?" ಸರ್ ಕೇಳಿದರು.

"ಊಟ ಆದ ಮ್ಯಾಲೆ, ಸರ್."

ಅವರು ಮರಕ್ಕೆ ಒರಗಿ ನಕ್ಕರು. ದಿನಾ ಇದೇ ಹೊತ್ತಿಗೆ ಆಗುವ ಗಣಿ ಸದ್ದಿನಲ್ಲಿ ಟೊಪ್ಪಿಗೆ ಇಲ್ಲ, ಸದ್ದು ಅಡಗಿದ ಮೇಲೆ ಟೊಪ್ಪಿಗೆ. ಮಕ್ಕಳು ಸುಮ್ಮನಾಗುತ್ತಿದ್ದುದು ಗುಡ್ಡ ಸುಮ್ಮನಾದದ್ದಕ್ಕೆ. ಟೊಪ್ಪಿಗೆಗೆ ಅದರಲ್ಲಿ ಕೆಲಸವೇ ಇರಲಿಲ್ಲ.

"ನಾಳೆ ಸೈರನ್ ಹೊತ್ತಿಗೇ ಟೊಪ್ಪಿಗೆ ಹಾಕಿಸ್ರಿ ಸರ್, ಎಲ್ಲರೂ ನೋಡಲಿ" ಎಂದೆ ನಾನು, ಹಲ್ಲು ಕಚ್ಚಿ.

"ಬ್ಯಾಡ. ಸೇಡು ನಮ್ದು, ಪೆಟ್ಟು ಹುಡುಗಂದು ಆಗಬಾರದು. ಮಧ್ಯಾಹ್ನ ಟೊಪ್ಪಿಗಿ ತಗಸೋಣು. ಗಣಿ ರಜಾ ಇದ್ದ ದಿನ ಮುಂಜಾನೆನೂ ಹಾಕದ ನೋಡೋಣು. ಆದ್ರ ಹೊಡಕೊಳ್ಳೋದನ್ನ ಎಣಸೋಕ ನೀನು ಬ್ಯಾಡ, ನಾನೂ ಬ್ಯಾಡ. ನಮ್ಮಿಬ್ಬರ ಕಣ್ಣಾಗೂ ಖಾರ ಐತಿ. ಅವನ ಟೀಚರುಗಳೇ ಇಬ್ಬರು ಎಣಸ್ಲಿ, ಒಬ್ಬರದು ಒಬ್ಬರಿಗೆ ತೋರಿಸದಂಗ."

ಮುಂದಿನ ಸಭೆಯಲ್ಲಿ ಸರ್ ಇದನ್ನು ಎಲ್ಲರ ಎದುರು ಕೇಳಿದರು. ಪೋಷಕರೆಲ್ಲ ನೋಡುತ್ತಿದ್ದುದರಿಂದ ನಿರ್ದೇಶಕ ಒಪ್ಪಿಕೊಂಡ. ಕೆಲವು ದಿನ ಮಧ್ಯಾಹ್ನ ಟೊಪ್ಪಿಗೆ ತೆಗೆದರು, ಕೆಲವು ದಿನ ಹಾಕಿದರು, ಮತ್ತೆ ತೆಗೆದರು. ಮಂಜು ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತ ಕೂತಿದ್ದ, ಟೊಪ್ಪಿಗೆ ಇದ್ದಾಗಲೂ, ಇಲ್ಲದಾಗಲೂ. ಗಣಿಗೆ ರಜೆ ಇದ್ದ ಬೆಳಿಗ್ಗೆಯೂ ಹಾಗೇ. ಇಬ್ಬರು ಟೀಚರುಗಳ ಎಣಿಕೆ ಒಂದಕ್ಕೊಂದು ಹೊಂದಿತು.

ಫಲಿತಾಂಶ ಓದಿಸಿದ ದಿನ ಸರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಟೀಚರು ಓದಿ ಮುಗಿಸಿದರು. ಸರ್ ಎದ್ದು ಮೇಜಿನ ಮೇಲಿದ್ದ ಟೊಪ್ಪಿಗೆಯನ್ನು ಶಿಷ್ಯನ ಮುಂದೆ ಸರಿಸಿ, "ಇನ್ನ ನೀನೇ ಹಾಕ್ಕೊಳಲೇ. ಸೈರನ್ ಆದಾಗ ನಿನಗೆ ಬೇಕಾಗ್ತದ" ಎಂದರು. ಯಾರೋ ನಕ್ಕರು. ನಾನು ಅವನ ಮುಖವನ್ನು ಕಣ್ತುಂಬ ನೋಡಿದೆ, ಹಬ್ಬದೂಟದಷ್ಟು ತೃಪ್ತಿಯಾಯಿತು. ಅಂದು ರಾತ್ರಿ ಅತ್ತೆಯೇ ಟ್ರಂಕಿನಿಂದ ಬಟ್ಟೆ ತೆಗೆದು ಕಪಾಟಿನಲ್ಲಿಟ್ಟರು. ಮಂಜು ಈಗ ಸೈರನ್ ಕೇಳದ ಹೊಸಪೇಟೆ ಶಾಲೆಗೆ ಹೋಗುತ್ತಾನೆ.

ಸರ್ ಅವರನ್ನು ಕಡೆಯ ಸಲ ನೋಡಿದ್ದು ಅವರ ಮನೆಯ ಪಡಸಾಲೆಯಲ್ಲಿ. ಮೇಲುಸಿರು ಹತ್ತಿತ್ತು. "ಆ ಟೊಪ್ಪಿಗಿಯವ ಸುಮ್ನಿದಾನೇನು?" ಎಂದು ಕೇಳಿದರು. ಸುಮ್ಮನಿದ್ದಾನೆ ಎಂದೆ. "ನಾ ಇರೋತನ ಇರ್ತಾನ. ನನ್ನ ತಗದು ನೋಡು" ಎಂದರು. ನಾನು ಅಳು ತಡೆಯಲು ಶರಣಮ್ಮನವರ ಕೈಯಿಂದ ಚಹಾ ತೆಗೆದುಕೊಂಡೆ.

ಅವರು ಹೋದ ಸ್ವಲ್ಪ ದಿನಕ್ಕೆ ಕೇಂದ್ರದ ಗೇಟಿಗೆ ಹೊಸ ಫಲಕ ಬಂತು. ಟೊಪ್ಪಿಗೆಯ ಚಿತ್ರ, ಪಕ್ಕದಲ್ಲಿ ಸರ್ ಫೋಟೋ, ಕೆಳಗೆ 'ಗುರುಗಳಿಂದ ಪರೀಕ್ಷಿಸಲ್ಪಟ್ಟದ್ದು.' ಪರೀಕ್ಷೆಯೇನೋ ಆಗಿತ್ತು.

ಈಗ ಪೋಷಕರ ಸಭೆಯಿದ್ದ ದಿನ ನಾನು ಕೆಲಸಕ್ಕೆ ರಜೆ ಹಾಕಿ ಅದೇ ಬೇವಿನ ಮರದಡಿ ಹೋಗಿ ಕೂರುತ್ತೇನೆ, ಬೆಳಿಗ್ಗೆಯಿಂದಲೇ. ಮಗುವಿನ ಕೈ ಹಿಡಿದು ಬರುವ ಪ್ರತಿ ತಾಯಿಯನ್ನೂ ನಿಲ್ಲಿಸುತ್ತೇನೆ. ನಿರ್ದೇಶಕ ಕಿಟಕಿಯಿಂದ ನೋಡುತ್ತಿರುತ್ತಾನೆ, ನೋಡಲಿ.

"ಬರ್ರಿ, ಇಲ್ಲೇ ಕುಂದ್ರಿ" ಎನ್ನುತ್ತೇನೆ. "ಸೈರನ್ ಆಗೋತನ ನನ್ನ ಕೂಡ ಇರ್ರಿ."