ಕರಿ ಕ್ಯಾಸೆಟ್ಟಿನ ಅಭಿಮಾನಿಗಳು

ಒಳ್ಳೆಯ ಸಂಗೀತ ಮನಸ್ಸಿಗೆ ಶಾಂತಿ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕಣ್ಣು ಅರೆಮುಚ್ಚಿಕೊಂಡು ಹೇಳಿದರಂತೂ ಇನ್ನೂ ಹೆಚ್ಚು ಬರುತ್ತದೆ. ಶಾಂತಿ ಬೇಕಾದವರು ಉಂಡು ಮಲಗಬಹುದು. ಅದಕ್ಕಾಗಿ ಪಾಪ ಇನ್ನೊಬ್ಬ ಯಾಕೆ ಗಂಟಲು ಹರಿದುಕೊಳ್ಳಬೇಕು? ನಾನು ಮನಸಾರೆ ಮೆಚ್ಚಿದ ಸಂಗೀತ ಒಂದೇ ಒಂದು ಕ್ಯಾಸೆಟ್ಟಿನಷ್ಟಿದೆ. ಅದು ಒಂದು ದಿನವೂ ನನಗೆ ಶಾಂತಿ ಕೊಟ್ಟಿಲ್ಲ. ಕೇಳಿದಾಗಲೆಲ್ಲ ಸಿಟ್ಟೇ ಬಂದಿದೆ. ಆದರೆ ಹಾಗೆ ಬಂದ ಸಿಟ್ಟಿಗೆ ಒಂದು ತಾಳವಿರುತ್ತಿತ್ತು. ತಾಳವಿಲ್ಲದ ಸಿಟ್ಟಿನಿಂದ ತಲೆ ನೋಯುತ್ತದೆ. ತಾಳವಿದ್ದ ಸಿಟ್ಟಿನಿಂದ ಬೆನ್ನು ನೆಟ್ಟಗಾಗುತ್ತದೆ.

ನಾನು ಹುಟ್ಟಿನಿಂದಲೇ ಸಿಟ್ಟಿನವಳು. ಇಂಥವಳಿಗೆ ಸಿಕ್ಕ ನೌಕರಿಯೋ, ಲಿಂಗಸುಗೂರಿನಲ್ಲಿ ಟೆಲಿಫೋನ್ ಆಪರೇಟರ್‌ನದು. ಎಂಬತ್ತರ ದಶಕದ ಕೊನೆಯ ವರ್ಷಗಳು. ಊರಿನಲ್ಲಿ ಫೋನ್ ಎತ್ತಿದವರಿಗೆಲ್ಲ ಮೊದಲು ಸಿಗುತ್ತಿದ್ದವಳು ನಾನು. ರಾಯಚೂರಿಗೆ ಹತ್ತಿಯ ದರ ಕೇಳುವವರು, ಹೈದರಾಬಾದಿಗೆ ಸಾವಿನ ಸುದ್ದಿ ಮುಟ್ಟಿಸುವವರು, ಎಲ್ಲರೂ ನನ್ನ ಕಿವಿಯನ್ನು ಹಾದೇ ಹೋಗಬೇಕು. ಲೈನು ಸಿಗದಿದ್ದರೆ ಬೈಗುಳವೂ ನನಗೇ. ಎಷ್ಟೇ ಬೈದರೂ ‘ಸ್ವಲ್ಪ ತಡೀರಿ ಸರ್’ ಎನ್ನಬೇಕು. ಹಗಲೆಲ್ಲ ನುಂಗಿದ ಸಿಟ್ಟನ್ನು ಸಂಜೆ ಮನೆಗೆ ಬಂದು ರೊಟ್ಟಿಯ ಮೇಲೆ ಬಡಿಯುತ್ತಿದ್ದೆ. ಇಡೀ ಓಣಿಯಲ್ಲಿ ನಮ್ಮ ಮನೆಯಷ್ಟು ತೆಳುವಾದ ರೊಟ್ಟಿ ಬೇರೆಲ್ಲೂ ಇರಲಿಲ್ಲ.

ನಮ್ಮಪ್ಪನಿಗೆ ನನ್ನ ಸಿಟ್ಟೇ ಒಂದು ಚಿಂತೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಗುರುಗುಂಟಾದ ಕೇರಿಯಿಂದ ಓದಿಕೊಂಡು ಲಿಂಗಸುಗೂರಿಗೆ ಬಂದವನು, ನೌಕರಿ ಸಿಕ್ಕ ಮೇಲೆ ಬೌದ್ಧನಾದವನು. ಪಡಸಾಲೆಯಲ್ಲಿ ಬುದ್ಧನ ಪಟವಿತ್ತು. ನಾನು ಧ್ವನಿ ಏರಿಸಿದರೆ ಸಾಕು, ಅಪ್ಪ ಮಾತಾಡದೆ ಆ ಪಟದತ್ತ ನೋಡುತ್ತಿದ್ದ. ನಾನು ಚಿಕ್ಕವಳಿದ್ದಾಗ ಮಸ್ಕಿಗೆ ಕರೆದುಕೊಂಡು ಹೋಗಿ ಬಂಡೆಯ ಮೇಲಿನ ಶಾಸನ ತೋರಿಸಿ, ಅಷ್ಟು ದೊಡ್ಡ ಸಾಮ್ರಾಟನೇ ಕೋಪ ಬಿಟ್ಟ ಎಂದು ಹೇಳಿದ್ದ. ‘ಯುದ್ಧ ಗೆದ್ದಮ್ಯಾಗ ಬಿಟ್ಟಾನಲ್ಲಪಾ, ನಾನೂ ಗೆದ್ದಮ್ಯಾಗ ಬಿಡ್ತೀನಿ’ ಎಂದಿದ್ದೆ. ಅಪ್ಪ ನಗಲಿಲ್ಲ.

ಕ್ಯಾಸೆಟ್ಟು ಬಂದದ್ದು ಶೆಫಾಲಿಯಿಂದ. ಶೆಫಾಲಿ ನನ್ನ ಜೊತೆ ಕೆಲಸಕ್ಕಿದ್ದ ಹುಡುಗಿ, ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನವಳು. ಅವಳ ತಂದೆತಾಯಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಇಲ್ಲಿ ಭತ್ತ ಬೆಳೆದವರು. ಇವಳು ಇಲ್ಲೇ ಹುಟ್ಟಿದವಳು, ನನಗಿಂತ ಚೆನ್ನಾಗಿ ಕನ್ನಡದಲ್ಲಿ ಬೈಯುತ್ತಿದ್ದವಳು. ಆದರೂ ಬಸ್ಸಿನಲ್ಲಿ ಯಾರಾದರೂ ‘ನೀವು ಬಾಂಗ್ಲಾದವ್ರು ಯಾವಾಗ ವಾಪಸ್ ಹೋಗ್ತೀರಿ?’ ಎಂದು ಕೇಳದ ವಾರವಿರಲಿಲ್ಲ. ಅವಳ ಸೋದರಮಾವ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ. ಯಾವುದೋ ದೇಶದ ಬಂದರಿನಲ್ಲಿ ಕೊಂಡ ಟೇಪ್‌ರೆಕಾರ್ಡರ್ ತಂದುಕೊಟ್ಟಾಗ ಅದರೊಳಗೇ ಒಂದು ಕ್ಯಾಸೆಟ್ಟು ಉಳಿದುಬಿಟ್ಟಿತ್ತು. ಕರಿ ಬಣ್ಣದ್ದು. ಮೇಲೆ ಒಂದಕ್ಷರವೂ ಇರಲಿಲ್ಲ. ನಾವು ಅದನ್ನು ಕರಿ ಕ್ಯಾಸೆಟ್ಟು ಎಂದೇ ಕರೆದೆವು.

ಮೊದಲ ಸಲ ಕೇಳಿದ್ದು ಕ್ಯಾಂಪಿನ ಅವಳ ಮನೆಯಲ್ಲಿ, ಒಂದು ರವಿವಾರ ಮಧ್ಯಾಹ್ನ, ಮೀನು ಅನ್ನ ಉಂಡ ಮೇಲೆ. ಗುಂಡಿ ಒತ್ತಿದಾಗ ಹಾಡು ಬರಲಿಲ್ಲ. ದಪ್ಪ ತಂತಿಯೊಂದನ್ನು ಯಾರೋ ಕತ್ತಲೆಯಲ್ಲಿ ಕುಳಿತು ಮೀಟುತ್ತಿದ್ದರು. ದೂರದ ಹಿಟ್ಟಿನ ಗಿರಣಿಯಂತೆ ಅದು ನೆಲದಿಂದ ಬರುತ್ತಿತ್ತು. ಡೋಲು ಬೀಳಬೇಕಾದ ಕಡೆ ಬೀಳದೆ ಕಾಯಿಸುತ್ತಿತ್ತು. ಕಾಯಿಸಿ ಕಾಯಿಸಿ, ನಾವು ಉಸಿರು ಬಿಡುವ ಹೊತ್ತಿಗೆ ಧಡ್ ಎಂದು ಬೀಳುತ್ತಿತ್ತು. ಆಮೇಲೆ ಒಬ್ಬ ಗಂಡಸಿನ ಧ್ವನಿ. ಅವನು ಹಾಡುತ್ತಿರಲಿಲ್ಲ, ಹಲ್ಲು ಕಚ್ಚಿ ಮಾತಾಡುತ್ತಿದ್ದ, ನಡುವೆ ಒಮ್ಮೆ ಕೆಮ್ಮುತ್ತಿದ್ದ, ಒಮ್ಮೆ ನಗುತ್ತಿದ್ದ. ಆ ನಗುವಿನಲ್ಲಿ ಖುಷಿ ಇರಲಿಲ್ಲ. ಶೆಫಾಲಿಯ ತಾಯಿ ಒಳಗಿನಿಂದ ಬಂದು ಮಷೀನು ಕೆಟ್ಟಿತೇನೋ ಎಂದು ಅದರ ತಲೆಗೆ ಎರಡೇಟು ಕೊಟ್ಟರು.

ಇಂಗ್ಲಿಷಿನ ಒಂದು ಸಾಲೂ ನಮಗೆ ಪೂರ್ತಿ ತಿಳಿಯಲಿಲ್ಲ. ಅವನು ಮತ್ತೆ ಮತ್ತೆ ‘ನೋ’ ಎನ್ನುತ್ತಿದ್ದುದು ಮಾತ್ರ ತಿಳಿಯಿತು.

‘ಅಕ್ಕ, ಇವ ಯಾರಿಗೋ ಬಾಗ್ಲಾ ತೆಗಿಯಂಗಿಲ್ಲ ಅನ್ನಾಕತ್ತಾನ’ ಎಂದಳು ಶೆಫಾಲಿ.

‘ಅಲ್ಲ ಬೇ, ಇವನಿಗೆ ಯಾರೋ ಬಾಗ್ಲಾ ತೆಗಿವಲ್ರು’ ಎಂದೆ ನಾನು.

ಈ ಜಗಳ ವರ್ಷಗಟ್ಟಲೆ ನಡೆಯಿತು. ಅಭಿಮಾನಿಗಳ ಸಂಘವೆಂದರೆ ನಮ್ಮದು: ಇಬ್ಬರೇ ಸದಸ್ಯರು, ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯ, ಇಬ್ಬರಿಗೂ ಒಂದೇ ಸಿಟ್ಟು.

ಆ ಡೋಲಿನ ಪೆಟ್ಟು ನನ್ನ ಮೈಗೆ ಮೊದಲೇ ಗೊತ್ತಿತ್ತು ಎಂಬುದು ತಿಳಿಯಲು ಸ್ವಲ್ಪ ದಿನ ಹಿಡಿಯಿತು. ನಮ್ಮ ಅಜ್ಜ ಗುರುಗುಂಟಾದಲ್ಲಿ ಹಲಗೆ ಬಾರಿಸುತ್ತಿದ್ದ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಿನಿಂದ ಮೀಟಿ ನೋಡಿ, ಆಮೇಲೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಮದುವೆಗೆ ಬಾರಿಸಿದರೂ ಮದುವೆಯ ಪಂಕ್ತಿಯಲ್ಲಿ ಕೂತವನಲ್ಲ. ಹೆಣದ ಮುಂದೆ ಬಾರಿಸಿದರೂ ಆ ಮನೆಯ ಕಟ್ಟೆ ಹತ್ತಿದವನಲ್ಲ. ಅಪ್ಪನ ಪಾಲಿಗೆ ಹಲಗೆ ಎಂದರೆ ಸಂಗೀತವಲ್ಲ, ಕರೆದಾಗ ಓಡಿಹೋಗಬೇಕಾದ ಬಿಟ್ಟಿ ಚಾಕರಿ. ಅಜ್ಜ ಸತ್ತ ಮೇಲೆ ಹಲಗೆಯನ್ನು ಅಪ್ಪ ಮನೆಗೆ ತರಲೇ ಇಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಶೆಫಾಲಿಯ ಟೇಪ್‌ರೆಕಾರ್ಡರನ್ನು ಮನೆಗೆ ತಂದು ಕ್ಯಾಸೆಟ್ಟು ಹಾಕಿದೆ. ಅಪ್ಪ ಪೇಪರ್ ಓದುತ್ತಿದ್ದವನು ತಲೆ ಎತ್ತಿದ. ಅವನು ಅಷ್ಟು ಕೆಂಪಾದದ್ದನ್ನು ನಾನು ನೋಡಿರಲಿಲ್ಲ.

‘ಆ ಆವಾಜ್ ಈ ಮನ್ಯಾಗ ಬರಬಾರದಂತ ನಾ ಊರು ಬಿಟ್ಟು ಬಂದೀನಿ. ನೀ ಅದನ್ನ ಡಬ್ಬ್ಯಾಗ ಹಾಕ್ಕೊಂಡು ತಂದೀ ಏನು? ಬಂದ್ ಮಾಡು.’

‘ಅಪ್ಪಾ, ಇದು ಹೊರದೇಶದ್ದು.’

‘ಎಲ್ಲೀದರ ಇರಲಿ. ಬಂದ್ ಮಾಡು.’

ಬಂದ್ ಮಾಡಿದೆ. ಅಂದು ಅಪ್ಪ ಬುದ್ಧನ ಪಟವನ್ನು ಮಾತ್ರ ನೋಡಲಿಲ್ಲ. ಸಿಟ್ಟು ನನಗೆ ಯಾರ ಕಡೆಯಿಂದ ಬಂದಿದೆ ಎಂಬ ಅನುಮಾನ ನನಗೆ ಅಂದೇ ಪರಿಹಾರವಾಯಿತು.

ಕೇಳಿ ಕೇಳಿ ಟೇಪು ಸವೆಯತೊಡಗಿತು. ಇನ್ನೊಂದು ಪ್ರತಿ ಮಾಡಿಸೋಣವೆಂದು ಇಬ್ಬರೂ ಸಿಂಧನೂರಿನ ಒಂದು ರೆಕಾರ್ಡಿಂಗ್ ಅಂಗಡಿಗೆ ಹೋದೆವು. ಅಂಗಡಿಯವನು ಸ್ವಲ್ಪ ಕೇಳಿ, ‘ಇದಕ್ಕ ಫಂಕ್ ಅಂತಾರ್ರಿ’ ಎಂದ. ನನಗೆ ಕೇಳಿಸಿದ್ದು ಪಂಕ ಎಂದು. ಹೈಸ್ಕೂಲಿನಲ್ಲಿ ಮೇಷ್ಟ್ರು ಪಂಕವೆಂದರೆ ಕೆಸರು, ಅದರಲ್ಲಿ ಹುಟ್ಟಿದ್ದು ಪಂಕಜ ಎಂದು ಹೇಳಿಕೊಟ್ಟದ್ದು ನೆನಪಾಗಿ, ಎಂಥ ಸರಿಯಾದ ಹೆಸರು ಎಂದು ಬೆರಗಾದೆ. ಕಮಲದ ಮೇಲೆ ಹಾಡು ಕಟ್ಟಿದವರು ಊರ ತುಂಬ ಇದ್ದಾರೆ. ಕೆಸರಿನ ಕಡೆಯಿಂದ ಯಾರಾದರೂ ಹಾಡಿದರೆ ಹೀಗೇ ಇರಬೇಕಲ್ಲವೆ? ಅಂಗಡಿಯವನು ತಿದ್ದಿದ ಮೇಲೂ ನನ್ನ ಮಟ್ಟಿಗೆ ಅದು ಪಂಕವಾಗಿಯೇ ಉಳಿದಿದೆ.

ಅಂಗಡಿಯಲ್ಲಿ ರವಿವಾರಕ್ಕೊಮ್ಮೆ ಪಾಶ್ಚಾತ್ಯ ಸಂಗೀತದ ರಸಿಕರು ಸೇರುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ಭತ್ತದಿಂದ ದುಡ್ಡು ಕಂಡ ಮನೆಗಳ ಹುಡುಗರು, ಅವರಿಗೆ ಹಿರಿಯರಾಗಿ ಒಬ್ಬ ಇಂಗ್ಲಿಷ್ ಲೆಕ್ಚರರು. ಲೆಕ್ಚರರು ನಮ್ಮ ಕ್ಯಾಸೆಟ್ಟು ಕೇಳಿದ್ದೇ ಕುರ್ಚಿಯಿಂದ ಎದ್ದರು.

‘ಇದು ಜಗತ್ಪ್ರಸಿದ್ಧ ಅದವಾ! ನಿಮ್ಮ ಕೈಯಾಗ ಹ್ಯಾಂಗ ಬಂತು?’

ಹಾಡಿದವನ ಹೆಸರು, ತಂಡದ ಹೆಸರು, ಕ್ಯಾಸೆಟ್ಟಿನ ಹೆಸರು ಎಲ್ಲ ಹೇಳಿದರು. ಹೇಳಿದ ರೀತಿಗೆ ಸಿಟ್ಟು ಬಂದು ನಾನು ಬೇಕೆಂದೇ ಎಲ್ಲವನ್ನೂ ಮರೆತೆ. ‘ಇದು ನಿಮಗ ತಿಳಿಯೂದು ಕಷ್ಟ. ಭಾವಗೀತೆ ಕೇಳ್ರಿ, ಛಲೋ ಇರ್ತಾವ’ ಎಂದು ಒಬ್ಬ ಹುಡುಗ ಉಪಕಾರ ಮಾಡುವವನಂತೆ ಹೇಳಿದ. ನಾನು ಬಾಯಿ ತೆರೆಯುವುದರೊಳಗೆ ಲೆಕ್ಚರರು ಮಸ್ಕಿಯಲ್ಲಿ ತಮ್ಮದೊಂದು ಸಂಗೀತ ರಸಗ್ರಹಣದ ಕಾರ್ಯಕ್ರಮವಿದೆ, ಅಲ್ಲಿ ಕೇಳಿಸಿ ಹಿಂದಿರುಗಿಸುತ್ತೇನೆ, ನೀವೂ ಬನ್ನಿ ಎಂದರು. ಶೆಫಾಲಿ ಹ್ಞೂಂ ಎಂದಳು. ನಮ್ಮ ಕ್ಯಾಸೆಟ್ಟು ಜಗತ್ಪ್ರಸಿದ್ಧವೆಂದು ತಿಳಿದು ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ನನಗೂ ಆಗಿತ್ತು.

ಮಸ್ಕಿಯ ಆ ಸಭಾಂಗಣದ ಹೊರಗೆ, ರಾಯಚೂರಿನಿಂದ ಬರಲಿದ್ದ ಅತಿಥಿಯ ಸ್ವಾಗತಕ್ಕೆಂದು ಹಲಗೆಯವರನ್ನು ಕರೆಸಿದ್ದರು. ಅವರು ಬಿಸಿಲಿನಲ್ಲಿ ನಿಂತಿದ್ದರು. ಒಳಗೆ ಫ್ಯಾನುಗಳು ತಿರುಗುತ್ತಿದ್ದವು. ಅತಿಥಿ ಬರುವುದು ತಡವಾದ್ದರಿಂದ ಲೆಕ್ಚರರು ಕಾರ್ಯಕ್ರಮ ಶುರು ಮಾಡಿಯೇಬಿಟ್ಟರು. ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಅಮೆರಿಕದ ಕರಿಯರ ನೋವನ್ನು ಹೃದಯದಿಂದ ಅನುಭವಿಸಿ ಎಂದರು. ನಮ್ಮ ಭಾಗದಲ್ಲಿ ಇಂಥ ಕೋಪದ ಸಂಗೀತ ಹುಟ್ಟಲೇ ಇಲ್ಲ, ನಮ್ಮದು ಶಾಂತರಸದ ನೆಲ ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವರು ನಾಟಕ ಆಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆ ನೀರು ನಿಜವಾಗಿದ್ದುದೇ ನನಗೆ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅತಿಥಿಯ ಜೀಪು ಬಂತೆಂದು ಹೊರಗೆ ಹಲಗೆ ಎದ್ದಿತು. ಒಳಗಿನ ಡೋಲೂ ಹೊರಗಿನ ಹಲಗೆಯೂ ಒಂದು ಗಳಿಗೆ ಒಂದೇ ಪೆಟ್ಟಿಗೆ ಬಿದ್ದವು. ಶೆಫಾಲಿ ನನ್ನ ಕೈ ಹಿಡಿದಳು. ಲೆಕ್ಚರರು ಕಣ್ಣೊರೆಸಿಕೊಂಡು ಬಾಗಿಲತ್ತ ಕೂಗಿದರು:

‘ಏ, ಯಾರರೆ ಹೋಗಿ ಆ ಹಲಗಿ ಬಂದ್ ಮಾಡಸ್ರಿ. ಸಂಗೀತ ಕೇಳಸವಲ್ದು!’

ನಾನು ಎದ್ದು ಯಾವಾಗ ಮುಂದೆ ಹೋದೆನೋ ಗೊತ್ತಿಲ್ಲ.

‘ಸರ್, ಹಲಗಿ ಬಾರ್ಸೋರನ್ನ ಒಳಗ ಕರೀರಿ.’

‘ಅಂದ್ರ?’

‘ಅವರೂ ಇದನ್ನ ಬಾರ್ಸಾಕತ್ತಾರ. ಬಿಸಲಾಗ ನಿಂತು.’

ಅವರು ಮಗುವಿಗೆ ಹೇಳುವಂತೆ ಹೇಳಿದರು: ‘ನೋಡವಾ, ಅದು ಬ್ಯಾರೆ, ಇದು ಬ್ಯಾರೆ. ಇದು ಕಲೆ.’

ನಾನು ಗುಂಡಿ ಒತ್ತಿ ಟೇಪು ನಿಲ್ಲಿಸಿದೆ. ಸಭೆಯೆಲ್ಲ ಒಮ್ಮೆಲೇ ಕಣ್ಣು ತೆರೆಯಿತು. ‘ಹಂಗಾದ್ರ ನಮ್ಮ ಕಲೆ ನಮಗ ಕೊಡ್ರಿ’ ಎಂದು ಕ್ಯಾಸೆಟ್ಟನ್ನು ಕಿತ್ತುಕೊಂಡೆ. ಹಿಂದಿನಿಂದ ಶೆಫಾಲಿ ಬಂದು, ಅತ್ಯಂತ ವಿನಯದಿಂದ, ‘ಸರ್, ಡಬ್ಬೀನೂ ನಮ್ದ’ ಎಂದು ಅದನ್ನೂ ಎತ್ತಿಕೊಂಡಳು.

ಹೊರಗೆ ಹಲಗೆ ಆಗಲೇ ನಿಂತಿತ್ತು. ಅವರಲ್ಲಿ ವಯಸ್ಸಾದ ಒಬ್ಬರು, ‘ಯಾಕವಾ, ಪ್ರೋಗ್ರಾಂ ಮುಗೀತೇನು?’ ಎಂದು ಕೇಳಿದರು.

‘ಇಲ್ರಿ. ನಮ್ದು ಮುಗೀತು.’

‘ನಮಗೂ ಬಂದ್ ಮಾಡಂದ್ರು ನೋಡವಾ. ಬಾರ್ಸಂತ ಕರಿಸಿದವ್ರೂ ಅವ್ರ, ನಿಲ್ಸಂದವ್ರೂ ಅವ್ರ.’

ಅವರು ಬೇಸರವಿಲ್ಲದೆ, ಹವಾಮಾನದ ಸುದ್ದಿಯಂತೆ ಹೇಳಿದರು. ಬಸ್ಸಿನಲ್ಲಿ ನಾನು ಲಿಂಗಸುಗೂರಿನವರೆಗೆ ಅತ್ತೆ. ದುಃಖಕ್ಕಲ್ಲ. ಸಿಟ್ಟು ಜಾಸ್ತಿಯಾದಾಗ ನನಗೆ ಕಣ್ಣಿನಿಂದಲೇ ಇಳಿಯುತ್ತದೆ. ನೋಡಿದವರು ಅದನ್ನು ಹೆಣ್ಣುಮಗಳ ದುಃಖವೆಂದು ತಿಳಿದು ಕನಿಕರಿಸುತ್ತಾರೆ, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ.

ಮರುದಿನ ಸ್ವಿಚ್‌ಬೋರ್ಡಿನ ಮುಂದೆ ಕೂತಿದ್ದಾಗ ಸಿಂಧನೂರಿನಿಂದ ಟ್ರಂಕ್ ಕಾಲ್ ಬಂತು. ಲೆಕ್ಚರರ ಧ್ವನಿ. ನಮ್ಮ ಎಕ್ಸ್‌ಚೇಂಜಿನ ಸಾಹೇಬರಿಗೆ ಲೈನು ಕೊಡಬೇಕಂತೆ. ನಾವಿಬ್ಬರೂ ಎಲ್ಲಿ ದುಡಿಯುವವರೆಂದು ಅಂಗಡಿಯಲ್ಲೇ ಅವರಿಗೆ ಹೇಳಿದ್ದೆವು. ನನ್ನ ಮೇಲೆ ದೂರು ಹೇಳುವ ಕರೆಯನ್ನು ನಾನೇ ಜೋಡಿಸಿಕೊಟ್ಟೆ. ‘ಸ್ವಲ್ಪ ತಡೀರಿ ಸರ್’ ಎಂದೂ ಹೇಳಿದೆ. ಲೈನು ಸ್ವಚ್ಛವಾಗಿದೆಯೇ ಎಂದು ನೋಡುವುದು ಆಪರೇಟರಿನ ಕರ್ತವ್ಯ; ಅಂದು ಆ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿದೆ.

‘ಇಂಥವ್ರಿಗೆ ನೌಕರಿ ಕೊಟ್ರ ಹಿಂಗ ನೋಡ್ರಿ. ತುಂಬಿದ ಸಭಾದಾಗ ಬಂದು ಕ್ಯಾಸೆಟ್ ಕಸ್ಕೊಂಡು ಹೋದ್ಳು.’

‘ಯಾರ ಕ್ಯಾಸೆಟ್ರಿ?’ ಎಂದರು ನಮ್ಮ ಸಾಹೇಬರು.

‘ಅಕೀದ.’

‘ಮತ್ತ?’

ಆ ಕಡೆ ಫೋನು ಇಟ್ಟ ಸದ್ದು ಕೇಳಿತು. ಲೈನು ಬಹಳ ಸ್ವಚ್ಛವಾಗಿತ್ತು. ಸಂಜೆ ಸಾಹೇಬರು ಹೋಗುವಾಗ ನನ್ನ ಕುರ್ಚಿಯ ಹತ್ತಿರ ನಿಂತು, ‘ಸುಜಾತಾ, ಸಿಟ್ಟು ಜರಾ ಕಡಿಮಿ ಮಾಡವಾ’ ಎಂದಷ್ಟೇ ಹೇಳಿದರು. ‘ಇಂಥವರು’ ಎಂದರೆ ಯಾರು ಎಂದು ಸಾಹೇಬರೂ ಕೇಳಲಿಲ್ಲ, ಲೆಕ್ಚರರು ಹೇಳಲೂ ಇಲ್ಲ. ಆ ಒಂದು ಮಾತು ಇವತ್ತಿಗೂ ನನ್ನ ಕಿವಿಯಲ್ಲಿ ಹಾಗೇ ಕೂತಿದೆ.

ಸುದ್ದಿ ಅಪ್ಪನಿಗೂ ಮುಟ್ಟಿತ್ತು. ನಮ್ಮ ಕಡೆ ಸುದ್ದಿಗೆ ಫೋನು ಬೇಕಿಲ್ಲ, ಬಸ್ಸಿನ ಕಂಡಕ್ಟರು ಸಾಕು. ರವಿವಾರ ಬೆಳಿಗ್ಗೆ ಅಪ್ಪ ಚಹಾ ಕುಡಿದು ಲೋಟ ಕೆಳಗಿಟ್ಟು, ‘ಅದನ್ನ ಹಾಕು. ಏನೈತಿ ಅದ್ರಾಗ ನೋಡೋಣು’ ಎಂದ. ಶೆಫಾಲಿಯ ಟೇಪ್‌ರೆಕಾರ್ಡರ್ ಇನ್ನೂ ನಮ್ಮ ಮನೆಯಲ್ಲೇ ಇತ್ತು.

ಹಾಕಿದೆ. ಅಪ್ಪ ಗೋಡೆಗೆ ಒರಗಿ, ಕಣ್ಣು ತೆರೆದೇ ಕೇಳಿದ. ಬೆರಳು ಆಡಿಸಲಿಲ್ಲ, ತಲೆ ತೂಗಲಿಲ್ಲ. ಹಾಡಿದವನು ಕೆಮ್ಮಿದಾಗ ಒಮ್ಮೆ ಹುಬ್ಬು ಏರಿಸಿದ. ಆ ನಗು ಬಂದಾಗ ಮುಖ ಆಚೆ ತಿರುಗಿಸಿದ. ಆಮೇಲೆ ತನಗೇ ಹೇಳಿಕೊಳ್ಳುವಂತೆ, ‘ಇವ ಯಾರೋ ಕರದ್ರಂತ ಬಂದು ಬಾರ್ಸಿದವ ಅಲ್ಲ. ತನಗ ಬೇಕಂತ ಬಾರ್ಸ್ಯಾನ’ ಎಂದ. ಮತ್ತೆ, ‘ನಮ್ಮಪ್ಪಗ ಅದೊಂದು ಸಿಗಲಿಲ್ಲ’ ಎಂದ. ಧ್ವನಿ ಇನ್ನಷ್ಟು ಹೆಚ್ಚು ಮಾಡಲು ಕೈಸನ್ನೆ ಮಾಡಿದ. ನಾನು ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ. ಅಡುಗೆಮನೆಯ ಪಾತ್ರೆಗಳು ಅಲುಗಿದವು.

ಪಕ್ಕದ ಮನೆಯಲ್ಲಿ ನಿವೃತ್ತ ಶಿರಸ್ತೇದಾರರಿದ್ದರು. ಅಪ್ಪ ಅವರ ಕೈಕೆಳಗೆ ದುಡಿದವನು. ಅವರು ಬೀದಿಯಲ್ಲಿ ಹಾದುಹೋದರೆ ಆಗಲೂ ಎದ್ದು ನಿಲ್ಲುತ್ತಿದ್ದವನು. ಅವರು ಕಂಪೌಂಡಿನ ಮೇಲಿಂದ ತಲೆ ಹಾಕಿ ಕೂಗಿದರು: ‘ಏನ್ ಗದ್ಲಾ ಹಚ್ಚೀರೋ ಅದು?’

ನಾನು ಎದ್ದೆ. ನಾಲಿಗೆಯ ಮೇಲೆ ಉತ್ತರ ಸಿದ್ಧವಿತ್ತು. ಅಪ್ಪ ನನ್ನನ್ನು ಕೂರಲು ಹೇಳಿ, ತಾನೂ ಕೂತಲ್ಲಿಂದ ಏಳದೆ, ಬಹಳ ಮರ್ಯಾದೆಯಿಂದ ಹೇಳಿದ:

‘ಹೌದ್ರಿ ಸಾಹೇಬ್ರ, ಗದ್ಲಾನ ಐತಿ. ಕ್ಯಾಸೆಟ್ಟಿಂದು ಇನ್ನೂ ಒಂದು ಬಾಜೂ ಉಳದೈತಿ.’