ಮೂರೂವರೆ ಫೂಟಿನ ಕಟ್ಟೆ

ಹುಮನಾಬಾದಿನ ನಮ್ಮ ಗಲ್ಲಿಯಲ್ಲಿ ಮೀರಾಬಾಯಿ ನಂಬುತ್ತಿದ್ದದ್ದು ಹೆಂಗಸರ ಕೈಗಳನ್ನು ಮಾತ್ರ. ನಲವತ್ತು ವರ್ಷ ಬಳೆ ಇಟ್ಟವಳು. ಕೈ ಹಿಡಿದು ಒಮ್ಮೆ ಅದುಮಿದರೆ ಸಾಕು, ಸೈಜು ಹೇಳುತ್ತಿದ್ದಳು. ಮನೆಯಲ್ಲಿ ಜಗಳವಾಗಿದ್ದರೆ ಅದನ್ನೂ ಹೇಳುತ್ತಿದ್ದಳು. ನನ್ನ ಮದುವೆಯ ಬಳೆಯೂ ಅವಳೇ ಇಟ್ಟದ್ದು. ಉಳಿದಂತೆ ಹಾಲಿನವನು, ಪೋಸ್ಟಿನವನು, ಸ್ವಂತ ಅಳಿಯ, ಎಲ್ಲರ ಮೇಲೂ ಅವಳಿಗೆ ಅನುಮಾನ.

ಅನುಮಾನಕ್ಕೆ ಕಾರಣವೂ ಇತ್ತೆನ್ನಿ. ಅವಳ ಅಂಗಡಿ ಏಳು ಫೂಟು ಆಳದ ಗೂಡು. ಒಳಗೆ ಬಳೆಯ ಡಬ್ಬಿಗಳು ಮತ್ತು ಅವಳು, ಮೂರನೆಯವರಿಗೆ ಜಾಗವಿಲ್ಲ. ಗಿರಾಕಿಗಳು ಕೂರಬೇಕಾದದ್ದು ಮುಂದಿನ ಕಟ್ಟೆಯ ಮೇಲೆ. ಗಟಾರಿನ ಮೇಲೆ ಎರಡು ಕಲ್ಲು, ಕಲ್ಲಿನ ಮೇಲೆ ಬೇವಿನ ಹಲಗೆ, ಅದೇ ಕಟ್ಟೆ. ರಸ್ತೆಗೆ ಎಷ್ಟು ಚಾಚಿದೆ ಎಂದು ಪುರಸಭೆಯವರು ಎಷ್ಟು ಸಲ ಕೇಳಿದರೂ ಅವಳ ಉತ್ತರ ಒಂದೇ: "ಒಂದ್ ಫೂಟ್."

ಒಂದಲ್ಲ ಎನ್ನುವುದು ಕಣ್ಣಿದ್ದವರಿಗೆಲ್ಲ ಗೊತ್ತಿತ್ತು. ಎದುರಿನ ಬೀಗ ರಿಪೇರಿಯ ಸೈಫುದ್ದೀನನಿಗಂತೂ ಚೆನ್ನಾಗಿ ಗೊತ್ತಿತ್ತು. ಪುರಸಭೆಯ ಅಳೆಯುವವರು ಗಲ್ಲಿಗೆ ತಿರುಗಿದರೆ ಮೊದಲು ಅವನಿಗೇ ಕಾಣುತ್ತಿದ್ದರು. ಕಂಡ ಕೂಡಲೇ ಎರಡು ಸಲ ಜೋರಾಗಿ ಕೆಮ್ಮುತ್ತಿದ್ದ. ಮೀರಾಬಾಯಿ ಕೂತವರನ್ನು ಎಬ್ಬಿಸಿ, ಹಲಗೆ ಒಳಗೆಳೆದು, ಏನೂ ಅರಿಯದವಳಂತೆ ಕೂತುಬಿಡುತ್ತಿದ್ದಳು. ಒಂದು ಕೈಗೆ ಬಳೆ ಇಡಿಸಿಕೊಂಡು, ಇನ್ನೊಂದು ಕೈ ಬರಿದಾಗಿ, ಗಟಾರಿನ ಪಕ್ಕ ನಾನೇ ಎಷ್ಟೋ ಸಲ ಪೆಚ್ಚಾಗಿ ನಿಂತಿದ್ದೇನೆ.

ಹೋದ ವರ್ಷ ಬಸವಕಲ್ಯಾಣದ ಕಾಲೇಜೊಂದರಿಂದ ಬಸವಕಿರಣ, ಶೀತಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಬಂದರು. ಗಲ್ಲಿಯನ್ನು ಸುತ್ತಲೂ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತಾರಂತೆ. ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿಯೊಂದಿದೆ, ಅದನ್ನು ಹಾಕಿಕೊಂಡರೆ ಗಲ್ಲಿಯಲ್ಲೇ ನಿಂತ ಹಾಗೆ ಕಾಣುತ್ತದಂತೆ. ಇದಕ್ಕೆ ವರ್ಚುವಲ್ ರಿಯಾಲಿಟಿ ಅಂತಾರೆ ಎಂದು ಶೀತಲ್ ವಿವರಿಸಿದಳು. ಸೈಫುದ್ದೀನ್ ಚಹಾ ತರಿಸಿದ. ಮೀರಾಬಾಯಿಯ ಕಣ್ಣಿಗೆ ಬಿದ್ದದ್ದು ಬಸವಕಿರಣನ ಕೈಯಲ್ಲಿದ್ದ ಅಳತೆಯ ಟೇಪು.

"ಭಾಯಿ, ನೀ ಯಾಕ ಕೆಮ್ಮಲಿಲ್ಲ?"

"ಸಾಲಿ ಹುಡುಗ್ರು ಅದಾರ, ಮೀರಕ್ಕಾ."

"ಟೇಪ್ ಹಿಡ್ಕೊಂಡು ಬಂದೋರು ಸಾಲಿ ಹುಡುಗ್ರು ಹ್ಯಾಂಗ ಆಗ್ತಾರ? ನಿನಗೂ ಏನೋ ಆಸೆ ತೋರ್ಸ್ಯಾರ."

ಹಲಗೆ ಒಳಗೆ ಹೋಯಿತು, ಶಟರ್ ಇಳಿಯಿತು. ಹುಡುಗರು ಮೂರು ದಿನ ಬಂದರು. ಮೂರು ದಿನವೂ ಅವಳು ಶಟರಿನ ಹಿಂದೆಯೇ ಕೂತಳು. ಕೊನೆಯ ದಿನ ಬಸವಕಿರಣ ಶಟರ್ ತಟ್ಟಿದ.

"ಆಯಿ, ಒಂದ್ ಹತ್ ಮಿನಿಟ್ ತೆಗೀರಿ. ನಿಮ್ಮ ಅಂಗಡಿ ಒಂದೇ ಉಳದದ."

"ಅಂಗಡಿ ಬಂದ್ ಅದ."

"ಒಳಗಿಂದ ನೀವೇ ಮಾತಾಡಾಕತ್ತೀರಲ್ರಿ?"

"ಬಂದ್ ಅಂದ್ರ ಬಂದ್."

ಗಲ್ಲಿಗೆ ಗಲ್ಲಿಯೇ ನಕ್ಕಿತು. ನಾನೂ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಂಟು ತಿಂಗಳ ನಂತರ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಅದು ಎಷ್ಟೋ ವರ್ಷಗಳಿಂದ ನಕ್ಷೆಯಲ್ಲಿದ್ದದ್ದು, ಆ ಹುಡುಗರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಎರಡೂ ಸಾಲಿನ ಗೋಡೆಗಳ ಮೇಲೆ ಕೆಂಪು ಗೆರೆ ಬಿತ್ತು. ಹತ್ತು ಹತ್ತು ಫೂಟು ಹೋಯಿತು; ಮೀರಾಬಾಯಿಯ ಅಂಗಡಿ ಇದ್ದದ್ದೇ ಏಳು. ಬಳೆಯ ಡಬ್ಬಿಗಳು ಅಳಿಯನ ಮನೆಯ ಅಟ್ಟ ಸೇರಿದವು. "ಆ ಟೇಪಿನ ಹುಡುಗ್ರದೇ ಕೆಲಸ ಇದು" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಕಾಲೇಜಿನಲ್ಲಿ ಪ್ರದರ್ಶನವಿದೆ, ಗಲ್ಲಿಯವರು ಬರಬೇಕು ಎಂದು ಶೀತಲ್ ಫೋನ್ ಮಾಡಿದಾಗ ಎಲ್ಲರಿಗಿಂತ ಮೊದಲು ಹೊರಟವಳು ಅವಳೇ, ಜಗಳಕ್ಕೆ. ಬಿಡಿಸಲು ಸೈಫುದ್ದೀನ್ ಮತ್ತು ನಾನು ಅದೇ ಬಸ್ಸು ಹತ್ತಿದೆವು.

ಕಾಲೇಜಿನಲ್ಲಿ ಆ ಕಣ್ಣಿನ ಡಬ್ಬಿಯನ್ನು ಮೊದಲು ಸೈಫುದ್ದೀನ್ ಕಟ್ಟಿಕೊಂಡ. "ನನ್ನ ಬೀಗಾ ಎಲ್ಲಾ ಹಂಗೇ ತೂಗಾಕತ್ತಾವ" ಎಂದ. ಬಿಚ್ಚಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿ ಮೀರಾಬಾಯಿ ಜಗಳ ಬಿಟ್ಟು ಕೈ ಚಾಚಿದಳು.

"ಇಲ್ಲಿ ಕೊಡ್ರಿ. ಏನ್ ಮೋಸ ಮಾಡೀರಿ ನೋಡ್ತೀನಿ."

ಅವಳು ನೋಡುತ್ತಿದ್ದದ್ದು ಪಕ್ಕದ ಪರದೆಯಲ್ಲಿ ನಮಗೂ ಕಾಣುತ್ತಿತ್ತು. ನಮ್ಮ ಗಲ್ಲಿಯೇ. ಸೈಫುದ್ದೀನನ ಚಹಾದ ಕಪ್ಪು-ಬಸಿ ಕೂಡ ಇಟ್ಟಲ್ಲೇ ಇತ್ತು. ಅವಳು ತನ್ನ ಅಂಗಡಿಯ ಕಡೆ ತಿರುಗಿದಳು. ಬೂದು ಬಣ್ಣದ ಶಟರ್, ಮುಂದೆ ಎರಡು ಬೋಳು ಕಲ್ಲು, ಗಟಾರು. ಬಗ್ಗಿ ಶಟರ್ ಎತ್ತಲು ಹೋದಳು. ಕೈಗೆ ಏನೂ ಸಿಗಲಿಲ್ಲ.

"ಈ ಶಟರ್ ತೆಗೀರಿ."

"ಒಳಗಿಂದು ನಮ್ಮ ಕಡಿ ಇಲ್ರಿ, ಆಯಿ. ನೀವು ಬಂದ್ ಅಂದಿದ್ರಿ" ಎಂದ ಬಸವಕಿರಣ, ಮೆಲ್ಲಗೆ.

ಡಬ್ಬಿ ಬಿಚ್ಚಿ ಕುರ್ಚಿಯಲ್ಲಿ ಕೂತಳು. ಯಾರನ್ನೂ ಬೈಯಲಿಲ್ಲ. ಡಬ್ಬಿಯೊಳಗೆ ಎಲ್ಲರ ಅಂಗಡಿಯೂ ಉಳಿದಿತ್ತು, ತನ್ನದೊಂದನ್ನು ಅವಳು ತಾನೇ ಮುಚ್ಚಿಟ್ಟು ಕಳೆದುಕೊಂಡಿದ್ದಳು.

"ನಾ ಹೇಳಿದ್ರ ಮಾಡ್ತೀರೇನು?" ಎಂದು ಕೇಳಿದಳು.

ಶೀತಲ್ ಪೆನ್ನು ತೆಗೆದಳು. "ಹೇಳ್ರಿ. ಮೊದಲ ಕಟ್ಟಿ. ಎಷ್ಟ್ ಹೊರಗ ಇತ್ರಿ?"

ಮೀರಾಬಾಯಿ ಬಾಗಿಲ ಕಡೆ ನೋಡಿದಳು, ನಮ್ಮ ಕಡೆ ನೋಡಿದಳು. "ಪುರಸಭಾದವ್ರು ಯಾರರ ಬಂದಾರೇನು ಇಲ್ಲಿ?"

"ಯಾರೂ ಇಲ್ರಿ."

ಸೈಫುದ್ದೀನ್ ತಲೆಯೆತ್ತಿ ಮೇಲಿನ ಛತ್ತು ನೋಡುತ್ತ ನಿಂತಿದ್ದ.

"ಮೂರೂವರಿ ಫೂಟ್" ಎಂದಳು.

ಆಮೇಲೆ ಎರಡು ತಿಂಗಳು ಆ ಹುಡುಗರಿಗೆ ಅವಳಿಂದ ಬಿಡುಗಡೆಯಿರಲಿಲ್ಲ. ಹಸಿರು ಬಳೆ ಎಡಕ್ಕೆ, ಮಕ್ಕಳ ಬಳೆ ಕೆಳಗೆ, ಹಲಗೆಯ ಮೂಲೆಯಲ್ಲಿ ಒಂದು ಮರದ ಗಂಟು. ಮಾಡಿದೆವು ಎಂದರೆ ನಂಬದೆ, ಬಸವಕಲ್ಯಾಣಕ್ಕೇ ಹೋಗಿ ನೋಡಿ ಬರುತ್ತಿದ್ದಳು. ಡಬ್ಬಿಯೊಳಗೆ ತನ್ನ ಕೈಗಳ ಬದಲು ಕಾಣುವ ಬೂದು ಕೈಗಳನ್ನು ನೋಡಿ "ಇವು ಯಾರವು? ಎಲುಬೇ ಇಲ್ಲಲ್ಲ" ಎಂದು ಗೊಣಗುತ್ತಿದ್ದಳು.

ಎಲ್ಲ ಮುಗಿದ ದಿನ ನಾವು ಮೂವರೂ ಹೋದೆವು. ಪರದೆಯಲ್ಲಿ ಶಟರ್ ಮೇಲೆದ್ದಿತ್ತು, ಕಟ್ಟೆ ರಸ್ತೆಗೆ ಚಾಚಿತ್ತು. ಆ ಕಟ್ಟೆ ಕಾಣುವ ಜಾಗಕ್ಕೇ ಸರಿಯಾಗಿ ಹುಡುಗರು ಕೋಣೆಯಲ್ಲಿ ನಿಜವಾದ ಬೆಂಚೊಂದನ್ನು ಇಟ್ಟಿದ್ದರು. ಮೀರಾಬಾಯಿ ಚೀಲದಿಂದ ನಿಜವಾದ ಹಸಿರು ಬಳೆ ತೆಗೆದು ಮಡಿಲಲ್ಲಿಟ್ಟುಕೊಂಡು, ಡಬ್ಬಿ ಕಟ್ಟಿಕೊಂಡು, ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು. ಕಣ್ಣು ಗಲ್ಲಿಯ ಮೇಲೆ. ಕೈ ನನ್ನ ಕೈ ಅದುಮುತ್ತಿತ್ತು. ಒಂದು ಕೈಗೆ ಹನ್ನೆರಡು ಬಳೆ ಇಟ್ಟಳು, ಒಂದೂ ಒಡೆಯಲಿಲ್ಲ.

ಆಗ ಸೈಫುದ್ದೀನ್, ಚೇಷ್ಟೆಗೋ ರೂಢಿಯಿಂದಲೋ, ಎರಡು ಸಲ ಜೋರಾಗಿ ಕೆಮ್ಮಿದ.

ನಾನು ಏಳಲು ಹೋದೆ. ಅವಳ ಕೈ ಬೆಂಚಿನ ಅಂಚಿಗೆ ಹೋಗಿ ಎಳೆಯಲು ಹಿಡಿಯಿತು. ಹಿಡಿದು ನಿಂತಿತು.

"ಕೂಡು, ತಂಗಿ" ಎಂದಳು. "ಯಾರ್ ಬರ್ತಾರೋ ಬರ್ಲಿ, ಅಳೀಲಿ. ನೀ ಇನ್ನೊಂದ್ ಕೈ ಕೊಡು."