ಅತ್ತೆಗೆ ಬಿಳಿ ಪಟ್ಟಿ, ಮಾವನವರಿಗೆ ಫ್ಲೋರ್ ಗೇರು

ನನ್ನ ಮಾವನವರು ಕಾರಿಗೆಂದು ಹೆಸರು ಬರೆಸಿದಾಗ ನಾನಿನ್ನೂ ಧಾರವಾಡದಲ್ಲಿ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಆ ಕಾರಿನ ಸರದಿ ಬಂದಾಗ ಮುಂಬಯಿಯ ವಿಲೆ ಪಾರ್ಲೆಯ ಅವರ ಮನೆಗೆ ಸೊಸೆಯಾಗಿ ಬಂದು ವರ್ಷ ಕಳೆದಿತ್ತು. ಎಪ್ಪತ್ತರ ದಶಕವೇ ಹಾಗಿತ್ತು. ಹೆಸರು ಬರೆಸಿದವರು ಕಾಯುತ್ತಲೇ ಇರಬೇಕು. ಮಕ್ಕಳ ಮದುವೆ ಆಗಿ ಹೋದರೂ ಕಾರು ಬಂದಿರುತ್ತಿರಲಿಲ್ಲ. ಮಾವನವರ ಪಾಲಿಗೆ ಇನ್ನೊಂದು ಸಂಗತಿಯೂ ಆಗಿಹೋಗಿತ್ತು. ಅಷ್ಟರಲ್ಲಿ ಅವರ ಕಣ್ಣು ಹೋಗಿದ್ದವು.

ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಇಂಜಿನುಗಳ ನಡುವೆ ಆಯುಷ್ಯ ಕಳೆದವರು. ನಿವೃತ್ತಿಯ ಹೊತ್ತಿಗೆ ಗ್ಲಾಕೋಮಾ ಎಂಬ ಕಣ್ಣಿನ ರೋಗ ಹಿಡಿಯಿತು. ನಾನು ಬರುವ ವೇಳೆಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವಷ್ಟು ಮಾತ್ರ ಅವರಿಗೆ ತಿಳಿಯುತ್ತಿತ್ತು. ಬೆಳಿಗ್ಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲಿಗೋ ಹೊರಟವರ ಹಾಗೆ ಬಾಲ್ಕನಿಯ ಕುರ್ಚಿಯಲ್ಲಿ ಕೂಡುತ್ತಿದ್ದರು. ಎಲ್ಲಿಗೂ ಹೋಗುತ್ತಿರಲಿಲ್ಲ. ಒಮ್ಮೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಎಡವಿ ಕೂತಿದ್ದಾಗ ಯಾರೋ ಅವರ ಅಂಗೈಗೆ ಚಿಲ್ಲರೆ ಹಾಕಿ ಹೋದರಂತೆ. ಅವತ್ತಿನಿಂದ ಬಿಲ್ಡಿಂಗಿನ ಗೇಟು ದಾಟಿರಲಿಲ್ಲ.

ನನ್ನದೂ ಹೆಚ್ಚುಕಡಿಮೆ ಅದೇ ಪಾಡು. ಗಂಡ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಫೋರ್ಟಿನ ಆಫೀಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ನನಗೆ ಮರಾಠಿ ಅರೆಬರೆ, ಲೋಕಲ್ಲಿನ ನೂಕುನುಗ್ಗಲೆಂದರೆ ಎದೆ ಡವಡವ. ಮಾವ, ಸೊಸೆ ಇಬ್ಬರೂ ಅದೇ ಬಾಲ್ಕನಿಯಲ್ಲಿ ಕೂತು, ಕೆಳಗೆ ಹೋಗುವ ಗಾಡಿಗಳ ಸದ್ದು ಕೇಳುತ್ತಿದ್ದೆವು. ಅವರಿಗೆ ಸದ್ದು ಸಾಕಿತ್ತು. "ಅವನ ಸೈಲೆನ್ಸರ್ ತೂತು ಬಿದ್ದದ," ಎನ್ನುವರು. ನಾನು ಬಗ್ಗಿ ನೋಡಿ, ಹೊಗೆ ಉಗುಳುತ್ತ ಹೋಗುವ ಟ್ಯಾಕ್ಸಿಯನ್ನು ಕಂಡು ನಗುತ್ತಿದ್ದೆ.

ಕಾರು ಬಂದಿದೆ, ಒಯ್ಯಿರಿ ಎಂದು ಕಂಪನಿಯ ಕಾಗದ ಬಂದ ದಿನ ಮನೆಯಲ್ಲಿ ದೊಡ್ಡ ಗದ್ದಲವಾಯಿತು.

"ಯಾರು ಓಡಸೋರು ಅದನ್ನ?" ಎಂದರು ಅತ್ತೆ. "ಇವರಿಗೆ ಕಣ್ಣಿಲ್ಲ, ಇವನಿಗೆ ಧೈರ್ಯ ಇಲ್ಲ. ಬೇಕಾದವರಿಗೆ ಕೊಟ್ಟುಬಿಡ್ರಿ ಅತ್ಲಾಗ."

ನನ್ನ ಗಂಡ ಅದಕ್ಕೆ ಸಿಟ್ಟಾಗಲಿಲ್ಲ. ಧೈರ್ಯ ಇಲ್ಲದ್ದು ನಿಜವೇ ಆಗಿತ್ತು. ಟ್ಯಾಕ್ಸಿಯಲ್ಲಿ ಕೂತರೂ ಮುಂದಿನ ಸೀಟಿನ ಬೆನ್ನು ಗಟ್ಟಿಯಾಗಿ ಹಿಡಿದುಕೊಳ್ಳುವವರು ಅವರು. "ಅಪ್ಪಾ, ಡ್ರೈವರ್ ಇಟ್ಕೊಳ್ಳೋ ಮಂದಿ ಅಲ್ಲ ನಾವು," ಎಂದಷ್ಟೇ ಹೇಳಿದರು.

ಮಾವನವರು ಕಾಗದವನ್ನು ತೊಡೆಯ ಮೇಲಿಟ್ಟು ಸವರುತ್ತ ಕೂತಿದ್ದರು. "ಕಾರು ತಗೋತೀನಿ," ಎಂದರು. "ಓಡಸೋ ಮಾತು ಆಮ್ಯಾಲ."

ಅದಕ್ಕೆಂದೇ ಮಾವನವರು ಗೇಟು ದಾಟಿದರು; ನಾಲ್ವರೂ ಟ್ಯಾಕ್ಸಿಯಲ್ಲಿ ಶೋರೂಮಿಗೆ ಹೋದೆವು. ಅಲ್ಲಿ ಸೇಲ್ಸ್‌ಮನ್ ನನ್ನ ಗಂಡನ ಮುಖ ನೋಡಿಯೇ ಎಲ್ಲ ವಿವರಿಸತೊಡಗಿದ. ಮಾವನವರು ಸ್ವಲ್ಪ ಹೊತ್ತು ತಾಳಿಕೊಂಡು, ಆಮೇಲೆ ಮರಾಠಿಯಲ್ಲಿ, "ಗಾಡಿ ನನ್ನದಪ್ಪಾ. ಕಣ್ಣು ಕೈಕೊಟ್ಟಿವೆ, ಕಿವಿ ಚೆನ್ನಾಗಿವೆ. ಇತ್ತ ತಿರುಗಿ ಮಾತಾಡು," ಎಂದರು. ಹುಡುಗ ಪಾಪ ನಾಚಿಕೊಂಡು ಅವರ ಕೈ ಹಿಡಿದು ಕಾರಿನ ಹತ್ತಿರ ಕರೆದೊಯ್ದ. ಮಾವನವರು ಬಾನೆಟ್ಟಿನಿಂದ ಶುರುಮಾಡಿ ಹಿಂದಿನ ಡಿಕ್ಕಿಯವರೆಗೆ ಎರಡೂ ಅಂಗೈ ಆಡಿಸುತ್ತ ಸುತ್ತು ಹಾಕಿದರು. ಎತ್ತಿನ ಮೈ ಸವರಿ ನೋಡಿದ ಹಾಗೆ. ಬಾಗಿಲು ತೆರೆದು ಮುಚ್ಚಿ, ಮುಚ್ಚಿದ ಸದ್ದು ಕೇಳಿದರು. ಸಾದಾ ಮಾಡೆಲ್ ಇದೆ, ಡಿಲಕ್ಸ್ ಇದೆ ಎಂದು ಹುಡುಗ ಹೇಳಿದ. ಮಾವನವರು ಡಿಲಕ್ಸ್ ಎಂದರು.

ಆದರೆ ಅಷ್ಟಕ್ಕೆ ಅವರಿಗೆ ಸಮಾಧಾನವಿರಲಿಲ್ಲ. ಮುಂಬಯಿಯ ಟ್ಯಾಕ್ಸಿಗಳೂ ಅದೇ ಕಂಪನಿಯವು, ಅದೇ ಆಕಾರದವು. "ನನ್ನ ಗಾಡೀಗೆ ರಸ್ತೆದಾಗ ಮಂದಿ ಕೈ ಮಾಡಬಾರದು," ಎಂದರು. ಶೋರೂಮಿನ ಡ್ರೈವರನೇ ಗಾಡಿ ನಡೆಸಿಕೊಂಡು ನಮ್ಮ ನಾಲ್ವರನ್ನೂ ಬಾಂದ್ರಾ ಸ್ಟೇಷನ್ನಿನ ಬಳಿಯ ಒಂದು ಅಂಗಡಿಗೆ ತಂದು ಇಳಿಸಿದ. ಕಾರಿಗೆ ಸೀಟು, ಟಾಯರು, ದೀಪ, ಹಾರ್ನು ಏನು ಬೇಕಾದರೂ ಹಾಕಿಕೊಡುವ ಅಂಗಡಿ ಅದು. ಮಾಲಕರು ವಿಜಾಪುರದ ಕಡೆಯ ಸಾಹೇಬರು. ಅತ್ತೆಯ ಮಾತು ಕಿವಿಗೆ ಬಿದ್ದದ್ದೇ ಮುಖ ಅರಳಿಸಿಕೊಂಡು ಎದ್ದು ಬಂದರು.

"ನಮ್ಮ ಕಡೀ ಮಂದೀನ! ಬರ್ರಿ, ಬರ್ರಿ. ಅಮ್ಮಾರಿಗೆ ಸ್ಟೂಲ್ ಲಾವ್ ರೇ," ಎಂದು ಒಳಗೆ ಕೂಗಿ ಚಹಾ ಹೇಳಿಸಿದರು.

ಮಾವನವರು ತಮಗೆ ಬೇಕಾದದ್ದನ್ನು ಒಂದೊಂದಾಗಿ ಹೇಳಿದರು. ಮುಂದಿನ ಬೆಂಚಿನಂಥ ಸೀಟು ತೆಗೆದು ಎರಡು ಬೇರೆ ಬೇರೆ ಬಕೆಟ್ ಸೀಟು ಹಾಕಬೇಕು. ಸ್ಟೇರಿಂಗಿಗೆ ಅಂಟಿಕೊಂಡ ಗೇರಿನ ದಾಂಡು ತೆಗೆದು, ಇಬ್ಬರ ನಡುವೆ ನೆಲದಿಂದ ಏಳುವ ಫ್ಲೋರ್ ಗೇರು ಕೂಡಿಸಬೇಕು. ಜೋಡಿ ಹಾರ್ನು ಬೇಕು.

ಸಾಹೇಬರು ನಕ್ಕರು. "ಇದೆಲ್ಲ ರೇಸ್ ಹೊಡಿಯೋ ಜವಾನ್ ಹುಡುಗುರ ಹಾಕಸ್ತಾರ್ರಿ ಸಾಹೇಬ್ರ."

"ನನಗೇನು ಮುಪ್ಪು ಬಂದದೇನ್ರಿ?" ಎಂದರು ಮಾವನವರು.

ಅತ್ತೆ ಹಣೆ ಚಚ್ಚಿಕೊಂಡರು. ನನ್ನ ಗಂಡ ರಸ್ತೆಯ ಕಡೆ ಮುಖ ಮಾಡಿ ನಿಂತರು. ಹಾರ್ನುಗಳನ್ನು ಒಂದೊಂದಾಗಿ ಬಾರಿಸಿ ಕೇಳಿಸಲಾಯಿತು. ಬೀದಿಯ ಜನ ಬೆಚ್ಚಿ ತಿರುಗಿ ನೋಡಿದರು. ಒಂದನ್ನು "ಇದು ಕೋಣ," ಎಂದು, ಇನ್ನೊಂದನ್ನು "ಇದು ಆಡಿನ ಮರಿ," ಎಂದು ಸರಿಸಿ, ಮಾವನವರು ಮೂರನೆಯದನ್ನು ಒಪ್ಪಿದರು. ಅವರು ಅಷ್ಟು ನಕ್ಕದ್ದನ್ನು ನಾನು ಆ ಮನೆಗೆ ಬಂದ ಮೇಲೆ ನೋಡಿರಲಿಲ್ಲ.

ಕೊನೆಗೆ ಟಾಯರಿನ ಮಾತು ಬಂತು. ಕಂಪನಿಯ ಟಾಯರು ಬದಲಿಸಿಕೊಂಡು ಬೇರೆ ಕೊಡುತ್ತೇನೆಂದು ಸಾಹೇಬರು ಎರಡು ಬಗೆಯವನ್ನು ಉರುಳಿಸಿಕೊಂಡು ಬಂದರು. ಒಂದರ ಬದಿಗೆ ಬೆಳ್ಳಗಿನ ಅಗಲವಾದ ಪಟ್ಟಿ, ಸಿನಿಮಾ ನಟಿಯರ ಕಾರಿಗೆ ಇರುವಂಥದು. ಇನ್ನೊಂದು ಕಪ್ಪಗೆ ಕಾಡೆಮ್ಮೆಯ ಹಾಗೆ, ಮೈತುಂಬ ಆಳವಾದ ಕಚ್ಚು.

ಅಲ್ಲಿಯವರೆಗೆ ಎಲ್ಲಕ್ಕೂ ಬೇಡ ಎಂದಿದ್ದ ಅತ್ತೆ ಸ್ಟೂಲಿನಿಂದ ಎದ್ದೇಬಿಟ್ಟರು. "ಹಾಕಸೋದಾದ್ರ ಬಿಳೀ ಪಟ್ಟೀದು ಹಾಕಸ್ರಿ. ಎಷ್ಟು ಛಂದ ಅದ!"

"ಛಂದ ಏನೋ ಅದಾವ್ರಿ ಅಮ್ಮಾ," ಎಂದರು ಸಾಹೇಬರು. "ಶಾದೀ ಗಾಡೀಗೆ ಭಾಳ ಚಲೋ. ಆದ್ರ ಮಳಿಯಾಗ ಜಾರ್ತಾವು. ಮುಂಬಯಿ ಮಳಿ ನಿಮಗ ಗೊತ್ತೈತಿ. ಕರೀವು ಹಿಡಿತಾವ್ರಿ ರಸ್ತಾ."

ಮಾವನವರು ಕುಕ್ಕುರುಗಾಲಲ್ಲಿ ಕೂತು ಎರಡರ ಮೈಯನ್ನೂ ಸವರಿದರು. ಕಚ್ಚುಗಳೊಳಗೆ ಬೆರಳಿಟ್ಟು ಆಳ ನೋಡಿದರು. ಎದ್ದು ನಿಂತು ಕೈ ಒರೆಸಿಕೊಳ್ಳುತ್ತ, ನಾನಿದ್ದೇನೆಂದು ಅವರಿಗೆ ಅನಿಸಿದ ದಿಕ್ಕಿಗೆ ತಿರುಗಿದರು.

"ಟಾಯರು ಓಡಸೋರು ಆರಿಸಬೇಕು. ಹೇಳು ತಂಗಿ, ಯಾವುದು ಹಾಕಸೋಣು?"

ಯಾರಿಗೂ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ನಾನಾ?" ಎಂದೆ.

"ಧಾರವಾಡದಾಗ ಸೈಕಲ್ ಹೊಡೀತಿದ್ದೆ ಅಂತ ಕನ್ಯಾ ನೋಡ್ಲಿಕ್ಕೆ ಬಂದಾಗ ನೀನ ಹೇಳಿದ್ದಿ. ಅಲ್ಲೀ ಇಳುಕಲಿನಾಗ ಬ್ರೇಕ್ ಹಿಡೀದ ಹೋಗ್ತಾಳ ಅಂತ ನಿಮ್ಮಪ್ಪ ಬೈದ್ರು. ನಾ ಅವತ್ತ ಹೂಂ ಅಂದೆ, ಈಕಿನ ಸೊಸಿ ಅಂತ."

ಅತ್ತೆ, "ಅಯ್ಯ, ಹೆಣ್ಣುಮಗಳು ಮುಂಬಯಿದಾಗ ಕಾರು..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ನನ್ನ ಗಂಡ ರಸ್ತೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ಬೇಡ ಎನ್ನುವರೋ ಎಂದು ಕಾದೆ. ಅವರು ಅನ್ನಲಿಲ್ಲ. ಬಗ್ಗಿ ಕಪ್ಪು ಟಾಯರಿನ ಕಚ್ಚು ಮುಟ್ಟಿದೆ. ಆಮೇಲೆ ಹೇಳಿದೆ:

"ಕರೀವು ಹಾಕಸ್ರಿ ಮಾವಾ."

ಅತ್ತೆಯ ಮುಖ ಸಣ್ಣದಾದದ್ದನ್ನು ಸಾಹೇಬರು ಗಮನಿಸಿರಬೇಕು. ಒಳಗಿನಿಂದ ಬಿಳಿಯ ರಬ್ಬರಿನ ಬಳೆಗಳನ್ನು ತಂದರು; ಕಪ್ಪು ಟಾಯರಿನ ಬದಿಗೆ ಸಿಕ್ಕಿಸಿದರೆ ಥೇಟು ಬಿಳಿ ಪಟ್ಟಿಯ ಹಾಗೆಯೇ ಕಾಣುತ್ತಿತ್ತು. "ಇದು ನನ್ನ ಕಡೀಂದ ಅಮ್ಮಾರಿಗೆ," ಎಂದರು.

ಡ್ರೈವಿಂಗ್ ಸ್ಕೂಲಿನ ಮಾಸ್ತರರು ನನಗೆ ಲೈಸನ್ಸು ಕೊಡಿಸಿದರು, ಅಷ್ಟೇ. ಓಡಿಸುವುದನ್ನು ಕಲಿಸಿದವರು ಮಾವನವರು. ಬೆಳಗಾಗುತ್ತಲೇ ಪಾರ್ಲೆಯ ಗಲ್ಲಿಗಳಿಂದ ಜುಹೂ ಕಡೆಗೆ ಹೊರಡುತ್ತಿದ್ದೆವು. ಆಗ ಆ ರಸ್ತೆಯಲ್ಲಿ ಹಾಲಿನವರು, ಮೀನು ಹೊತ್ತ ಬೆಸ್ತರ ಹೆಂಗಸರು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಎಡಗಡೆಯ ಬಕೆಟ್ ಸೀಟಿನಲ್ಲಿ ಮಾವನವರು ಇಸ್ತ್ರಿಯ ಅಂಗಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದರು. ನನಗೆ ಸ್ಟೇರಿಂಗ್, ಬ್ರೇಕು, ಕ್ಲಚ್ಚು ಎಲ್ಲ ಒಟ್ಟಿಗೆ ಹೊಂದಿಸುವುದೇ ಕಷ್ಟ. ಗೇರು ಹಾಕಲು ಹೋದರೆ ಗಾಡಿ ಗಟಾರದ ಕಡೆ ಎಳೆಯುತ್ತಿತ್ತು. ಮೊದಲ ದಿನವೇ ಅವರು ಹೇಳಿದರು:

"ಗೇರಿನ ಚಿಂತಿ ನಿನಗ ಬ್ಯಾಡ. ನೀ ಕ್ಲಚ್ ಒತ್ತಿ ಹೂಂ ಅನ್ನು. ಗೇರು ನಾ ಹಾಕ್ತೀನಿ."

ನೆಲದ ಗೇರು ಇಬ್ಬರ ಸೀಟುಗಳ ನಡುವೆ ಏಕೆ ಬಂತೆಂದು ಆಗ ನನಗೆ ಹೊಳೆಯಿತು. ಅವರ ಬಲಗೈಗೆ ಅದು ಸರಿಯಾಗಿ ನಿಲುಕುತ್ತಿತ್ತು. ಇಂಜಿನಿನ ದನಿ ಕೇಳಿಯೇ ಅವರಿಗೆ ಗೊತ್ತಾಗುತ್ತಿತ್ತು. "ಅಳ್ಲಿಕ್ಕತ್ತದ ನೋಡು, ಎರಡನೇದು ಕೇಳ್ತದ," ಎನ್ನುವರು. ನಾನು ಕ್ಲಚ್ ಒತ್ತಿ "ಹೂಂ" ಎನ್ನುವೆ. ಅವರ ಕೈ ಹಗುರವಾಗಿ ಗೇರು ಬದಲಿಸುವುದು. ಕಣ್ಣು ನನ್ನವು, ಕಿವಿ ಅವರವು. ಹಾಗೆ ಇಬ್ಬರೂ ಸೇರಿ ಒಂದು ಕಾರು ಓಡಿಸಿದೆವು. ಪೊಲೀಸರು ನೋಡಿದ್ದರೆ ಏನೆನ್ನುತ್ತಿದ್ದರೋ. ದಿನ ಕಳೆದ ಹಾಗೆ ನನಗೂ ಕೈ ಕೂಡಿತು, ಗೇರನ್ನೂ ನಾನೇ ಹಾಕತೊಡಗಿದೆ. ಆದರೂ ಅವರ ಕೈ ನನ್ನ ಕೈ ಪಕ್ಕದಲ್ಲೇ ಸುಳಿಯುತ್ತಿತ್ತು.

ಜುಲೈ ತಿಂಗಳ ಒಂದು ಮಧ್ಯಾಹ್ನ ಮಳೆ ಹಿಡಿದದ್ದು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಲೋಕಲ್ ನಿಂತವು. ಕೆಳಗಿನ ಮನೆಯವರ ಫೋನಿಗೆ ನನ್ನ ಗಂಡ ಫೋನು ಮಾಡಿದರು. ಹಳಿಗಳ ಮೇಲೆ ನಡೆದು ಬಾಂದ್ರಾದವರೆಗೆ ಬಂದಿದ್ದೇನೆ, ಸ್ಟೇಷನ್ನಿನ ಹೊರಗೆ ಇರಾನಿ ಹೋಟೆಲಿನಲ್ಲಿ ಕೂತಿದ್ದೇನೆ, ಮೈ ಬಿಸಿಯಾಗಿದೆ, ಮುಂದೆ ನಡೆಯಲಾರೆ ಎಂದರು. ಅತ್ತೆ ದೇವರ ಮುಂದೆ ಕೂತುಬಿಟ್ಟರು. ನಾನು ಮಾವನವರ ಕಡೆ ನೋಡಿದೆ. ಅವರು ಆಗಲೇ ಕಾಲಿನಿಂದ ಚಪ್ಪಲಿ ತಡಕುತ್ತಿದ್ದರು.

ಬಾಂದ್ರಾಕ್ಕೆ ಹೋಗುವ ಘೋಡಬಂದರ್ ರಸ್ತೆಯಲ್ಲಿ ಸಾಂತಾಕ್ರೂಝ್ ದಾಟುತ್ತಲೇ ನೀರು ಎದುರಾಯಿತು. ಎರಡೂ ಬದಿಗೆ ಕೆಟ್ಟು ನಿಂತ ಟ್ಯಾಕ್ಸಿಗಳು, ಸೊಂಟಕ್ಕೆ ಸೀರೆ ಸಿಕ್ಕಿಸಿ ನಡೆಯುವ ಹೆಂಗಸರು. ನಾನು ಗಾಡಿಯ ವೇಗ ಇಳಿಸಿದೆ.

"ನೀರು ಎಲ್ಲೀತನ ಬಂದದ?" ಎಂದು ಮಾವನವರು ಕೇಳಿದರು.

"ಮುಂದಿನ ಟ್ಯಾಕ್ಸೀ ಗಾಲಿ ಅರ್ಧ ಮುಳುಗ್ಯಾವ ಮಾವಾ. ನಿಲ್ಲಸ್ಲೇನು?"

"ನಿಂತ್ರ ಹೊಗೀ ಕೊಳವ್ಯಾಗ ನೀರು ಹೊಗತದ, ಮುಗೀತು. ಒಂದನೇ ಗೇರ್‌ನಾಗ ಇಡು. ಕಾಲು ತಗೀಬ್ಯಾಡ. ಮೆಲ್ಲಕ, ಆದ್ರ ಬಿಡದ." ಗೇರಿನ ಮೇಲಿದ್ದ ನನ್ನ ಎಡಗೈಯ ಮೇಲೆ ಅವರ ಕೈ ಬಂದು ಕೂತಿತು. "ಎರಡೂ ಕೈ ಸ್ಟೇರಿಂಗ್ ಮ್ಯಾಲ ಇಡು. ಇದು ನನಗ ಬಿಡು."

ಆ ಒಂದು ಮೈಲಿಯಲ್ಲಿ ನಾನು "ಬಲಕ್ಕ ತಗ್ಗದ, ಎಡಕ್ಕ ಬಸ್ ನಿಂತದ" ಎಂದು ಒದರುತ್ತಲೇ ಇದ್ದೆ. ಅವರು "ಕಾಲು, ಕಾಲು, ಕಾಲು ಬಿಡಬ್ಯಾಡ" ಎನ್ನುತ್ತಲೇ ಇದ್ದರು. ಒಮ್ಮೆ ಇಂಜಿನು ಕೆಮ್ಮಿತು. ಅವರು ಉಸಿರು ಹಿಡಿದು ಕೇಳಿ, "ಏನಿಲ್ಲ, ಹೊಂಟದ," ಎಂದರು. ಹೊರಟಿತ್ತು. ಟಾಯರು ಎಲ್ಲಿಯೂ ಜಾರಲಿಲ್ಲ.

ನನ್ನ ಗಂಡ ಬೂಟುಗಳನ್ನು ಎದೆಗವಚಿಕೊಂಡು ಹೋಟೆಲಿನ ಮೆಟ್ಟಿಲ ಮೇಲೆ ನಿಂತಿದ್ದರು. ನಮ್ಮ ಕಾರನ್ನು ಕಂಡು ಒಂದು ಗಳಿಗೆ ನಂಬಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ನಡುಗುತ್ತ, ಮುಂದಿನ ಎರಡು ಸೀಟುಗಳ ನಡುವೆ ತಲೆ ಹಾಕಿ ನೋಡಿದರು. ಸ್ಟೇರಿಂಗಿನ ಮೇಲೆ ನನ್ನ ಕೈ, ಗೇರಿನ ಮೇಲೆ ಅವರಪ್ಪನ ಕೈ.

"ಗಾಡಿ ಓಡಸ್ಲಿಕ್ಕತ್ತವರು ಯಾರು, ನೀನೋ ಅಪ್ಪನೋ?" ಎಂದರು.

"ಸುಮ್ಮನ ಕೂಡೋ, ಕೇಳಿಸವಲ್ದು ನನಗ," ಎಂದು ಮಾವನವರು ಗದರಿದರು. ದಾರಿಯುದ್ದಕ್ಕೂ ನನ್ನ ಗಂಡ ನನ್ನ ಸೀಟಿನ ಬೆನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರು. ಇಳಿಯುವಾಗ ಮಾತ್ರ ಆ ಕೈ ನನ್ನ ಭುಜದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅತ್ತೆ ಮಗನಿಗೆ ಶುಂಠಿಯ ಕಷಾಯ ಕುಡಿಸಿ ಮಲಗಿಸಿದರು. ಮಾರನೆಯ ಬೆಳಿಗ್ಗೆ ಕೆಳಗಿಳಿದು ನೋಡಿ, ಬಿಳಿಯ ಬಳೆಗಳಲ್ಲಿ ಒಂದು ನೀರಿನ ಪಾಲಾಗಿದೆಯೆಂದು ಮರುಗಿದರು. ಮಗ ಬಂದದ್ದಕ್ಕಿಂತ ಅದರ ಮಾತೇ ಹೆಚ್ಚಾಯಿತೆಂದು ನಾವು ಅವರನ್ನು ಬಹಳ ದಿನ ಕಾಡಿಸಿದೆವು.

ಆಮೇಲೆ ಮಾವನವರು ಮನೆಯಲ್ಲಿ ಕೂರಲೇ ಇಲ್ಲ. ವರ್ಕ್‌ಶಾಪಿನ ಹಳೆಯ ಗೆಳೆಯರಿಗೆಲ್ಲ ಕೆಳಗಿನ ಮನೆಯಿಂದ ಅವರೇ ಫೋನು ಮಾಡಿ, "ಬರ್ತೀನಿ, ಸೊಸಿ ಕರಕೊಂಡು ಬರ್ತಾಳ," ಎನ್ನತೊಡಗಿದರು. ಮುಂದಿನ ವರ್ಷ ನನಗೆ ಮಲಾಡಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಲಾಡಿನಲ್ಲಿ ಅವರ ಗೆಳೆಯರೊಬ್ಬರಿದ್ದರು. ಎಷ್ಟೋ ದಿನ ಅವರನ್ನು ಅಲ್ಲಿ ಬಿಟ್ಟು, ಶಾಲೆ ಮುಗಿಸಿ ಕರೆದುಕೊಂಡು ಬರುತ್ತಿದ್ದೆ.

ಹಾಗೆ ಬರುತ್ತಿದ್ದಾಗ ಒಂದು ಮಧ್ಯಾಹ್ನ ಎಷ್ಟು ಹೊತ್ತಾದರೂ ಅವರ ಮಾತಿಲ್ಲ. ತಪ್ಪು ಮಾಡಿದೆನೋ ಏನೋ, ಮುನಿದಿದ್ದಾರೋ ಎಂದು ಓರೆಗಣ್ಣಲ್ಲಿ ನೋಡಿದೆ. ಕಿಟಕಿಯ ಗಾಳಿಗೆ ಕೂದಲು ಹಾರಾಡುತ್ತಿತ್ತು, ಗೇರಿನ ಬಳಿ ಸುಳಿಯದೆ ಎರಡೂ ಕೈ ತೊಡೆಯ ಮೇಲಿದ್ದವು, ಬಾಯಿ ಕೊಂಚ ತೆರೆದಿತ್ತು. ನಿದ್ದೆ ಹೋಗಿದ್ದರು. ಮನೆಯ ಕೆಳಗೆ ಮೆಲ್ಲಗೆ ತಂದು ನಿಲ್ಲಿಸಿದೆ. ಬಾಲ್ಕನಿಯಿಂದ ಅತ್ತೆ, "ಬಂದ್ರೇನು?" ಎಂದು ಕೂಗಿದರು. ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಅವರಾಗಿಯೇ ಏಳುವವರೆಗೂ ನಾನೂ ಕಾರಿನಲ್ಲೇ ಕೂತಿದ್ದೆ.